ತಮ್ಮನದಕ್ಕಿಂತ ಒಂದು ಕೈ ಮೇಲು

ನಮ್ಮ ಲ್ಯಾಬಿನಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅರವತ್ತು ದಾಟಿದ ಮಾಲೀಕರಿಂದ ಹಿಡಿದು ನೆಲ ಒರೆಸುವಾಕೆಯವರೆಗೆ ಎಲ್ಲರ ಬಾಯಲ್ಲೂ ಅವಳು ಹಲ್ಲಕ್ಕ. ನಮ್ಮದು ಕಟ್ಟುಹಲ್ಲಿನ ಕೆಲಸ. ಡಾಕ್ಟರುಗಳು ಬಾಯಿಯ ಅಳತೆ ತೆಗೆದು ಅಚ್ಚು ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಹುಯ್ದು ದವಡೆಯ ರೂಪ ತೆಗೆಯುತ್ತೇನೆ. ಆ ದವಡೆಯ ಮೇಲೆ ಗುಲಾಬಿ ಬಣ್ಣದ ಮೇಣ ಹಾಕಿ, ಒಂದೊಂದೇ ಹಲ್ಲು ಕೂರಿಸಿ, ಬಾಯಿಗೆ ಒಪ್ಪುವ ಹಾಗೆ ತಿದ್ದುವವಳು ಹಲ್ಲಕ್ಕ. ಹದಿನಾಲ್ಕು ವರ್ಷದಿಂದ ನಮ್ಮಿಬ್ಬರ ಮೇಜು ಅಕ್ಕಪಕ್ಕ, ಬೆಳಕಿಗೆ ಒಂದೇ ಕಿಟಕಿ. ಅವಳ ಕತೆ ನನಗೆ ಗೊತ್ತಾದದ್ದು ಹಾಗೆ.

ಮೂವತ್ತೇಳು ವಯಸ್ಸು. ಲಾಂಡ್ರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಒಬ್ಬಳೇ ಇದ್ದಳು. ಮದುವೆ ಯಾಕಾಗಲಿಲ್ಲ ಅಂತ ಯಾರಾದರೂ ಕೇಳಿದರೆ ಪುರುಸೊತ್ತಾಗಲಿಲ್ಲ ಅನ್ನುತ್ತಿದ್ದಳು. ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹಳೆಯ ಫೋಟೋ ಒಂದು ಕೊಟ್ಟರೆ ಸಾಕು, ಮುದುಕಿಯೊಬ್ಬಳು ಇಪ್ಪತ್ತರಲ್ಲಿ ನಕ್ಕಾಗ ಮುಂದಿನ ಎರಡು ಹಲ್ಲು ಎಷ್ಟು ಒಂದರ ಮೇಲೊಂದು ಏರಿದ್ದವೋ ಅಷ್ಟೇ ಏರಿಸಿ ಕೂರಿಸುತ್ತಿದ್ದಳು. ಎಲ್ಲ ಸರಿಯಿದ್ದರೆ ಸುಳ್ಳು ಹಲ್ಲು ಅಂತ ಗೊತ್ತಾಗಿಬಿಡತ್ತೆ ಅನ್ನುವುದು ಅವಳ ವಾದ.

ಅವಳಿಗೆ ಒಂದೇ ಒಂದು ಕೆಟ್ಟ ಗುಣವಿತ್ತು, ಅದನ್ನು ಅವಳು ಮುಚ್ಚಿಡುತ್ತಲೂ ಇರಲಿಲ್ಲ. ಹೊಟ್ಟೆಕಿಚ್ಚು. ನನಗೆ ಹೊಸ ಕುರ್ಚಿ ಕೊಟ್ಟ ದಿನ ಅವಳು ಮೂರು ಸಲ ಎದ್ದು ಬಂದು ಅದರ ಬೆನ್ನನ್ನು ಒತ್ತಿ ನೋಡಿದಳು. ಬೇರೆಯವರಿಗೆ ಒಳ್ಳೆಯದಾದರೆ, ‘ಸಂತೋಷ’ ಅಂತ ಬಾಯಿ ಹೇಳುವುದಕ್ಕೆ ಮೊದಲೇ ‘ನನಗ್ಯಾಕಿಲ್ಲ’ ಅಂತ ಮುಖ ಹೇಳಿ ಮುಗಿಸಿರುತ್ತಿತ್ತು. ಆದರೆ ಇವೆಲ್ಲ ಸಂಜೆಯೊಳಗೆ ಆರಿಹೋಗುವ ಕಿಚ್ಚು. ಆರದೆ ಉಳಿದಿದ್ದು ಒಂದೇ. ಅದು ತಮ್ಮನ ಮೇಲಿನದು.

ತಮ್ಮ ಅವಳಿಗಿಂತ ಮೂರು ವರ್ಷ ಚಿಕ್ಕವನು. ಅವಳಿಗೆ ಹದಿನೈದಾಗಿದ್ದಾಗ ಮನೆಗೆ ಒಂದು ಕಂಪ್ಯೂಟರ್ ಬಂತು. ಹಿಂಬದಿ ದಪ್ಪಗೆ ಊದಿಕೊಂಡ ಪರದೆಯ, ಶುರುವಾಗುವುದಕ್ಕೆ ಐದು ನಿಮಿಷ ಗೊರಗುಟ್ಟುವ ಆ ಕಾಲದ ಪೆಟ್ಟಿಗೆ. ಹುಡುಗನ ಓದಿಗೆ ಅಂತ ಅಪ್ಪ ತಂದದ್ದು. ಹುಡುಗ ಅದರಲ್ಲಿ ಓದಿದ್ದನ್ನು ಯಾರೂ ನೋಡಲಿಲ್ಲ. ಅವನು ಲಾರಿ ಓಡಿಸುವ ಒಂದು ಆಟ ಆಡುತ್ತಿದ್ದ. ಇವಳು ಅವನ ಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದಳು. ಅವನು ಊಟಕ್ಕೆ ಎದ್ದಾಗ ಇವಳಿಗೆ ಸಿಗುತ್ತಿದ್ದದ್ದು ಹತ್ತು ನಿಮಿಷ, ಅದರಲ್ಲೂ ಅರ್ಧ ಹೊತ್ತು ಅವನು ಬಾಯಿತುಂಬ ಅನ್ನ ಇಟ್ಟುಕೊಂಡೇ ‘ಮುಟ್ಟಬೇಡ, ಕೆಡತ್ತೆ’ ಅಂತ ಕೂಗುತ್ತಿದ್ದ.

ಆಟದ ಏಳನೇ ಹಂತದಲ್ಲಿ ಒಂದು ಮರದ ಸೇತುವೆ. ತಮ್ಮ ಒಂದು ತಿಂಗಳಿಂದ ಅಲ್ಲಿಂದ ಲಾರಿಯನ್ನು ಹೊಳೆಗೆ ಬೀಳಿಸುತ್ತಲೇ ಇದ್ದ. ಒಮ್ಮೆ ಅವನಿಗೆ ಜ್ವರ ಬಂದು ನಾಲ್ಕು ದಿನ ಮಲಗಿದ. ಇವಳು ಕೂತು, ಎರಡನೇ ಪ್ರಯತ್ನದಲ್ಲಿ ಸೇತುವೆ ದಾಟಿ, ಎಂಟನೇ ಹಂತದ ಬಾಗಿಲಲ್ಲಿ ಲಾರಿ ನಿಲ್ಲಿಸಿ, ಆಟ ಉಳಿಸಿ ಎದ್ದಳು. ಜ್ವರ ಬಿಟ್ಟು ಬಂದ ತಮ್ಮ ಅದನ್ನು ನೋಡಿದ. ಏನೂ ಕೇಳಲಿಲ್ಲ. ಸಂಜೆ ಗೆಳೆಯರನ್ನು ಕರೆದು, ನಾನು ದಾಟಿದೆ ನೋಡಿ ಅಂತ ತೋರಿಸಿದ. ಅಪ್ಪ ಅವನ ಬೆನ್ನು ತಟ್ಟಿದರು. ಬಾಗಿಲಲ್ಲಿ ನಿಂತಿದ್ದ ಇವಳು ಸುಮ್ಮನಿದ್ದಳು. ಸುಮ್ಮನಿದ್ದದ್ದೇ ತಪ್ಪಾಯಿತು ಅಂತ ಇಪ್ಪತ್ತೆರಡು ವರ್ಷ ಆದಮೇಲೂ ನನ್ನ ಮುಂದೆ ಹೇಳುವಾಗ ಅವಳ ಕಿವಿ ಕೆಂಪಾಗುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಗನ ಮನೆಗೆ ಹೋದರು. ತಮ್ಮ ಒಂದು ಸಾಗಣೆ ಕಂಪನಿಯ ಆಫೀಸಿನಲ್ಲಿದ್ದ. ಹಲ್ಲಕ್ಕ ತಿಂಗಳಿಗೊಮ್ಮೆ ಅಮ್ಮನನ್ನು ನೋಡಿ ಬರುತ್ತಿದ್ದಳು. ಹಾಗೆ ಹೋದ ಒಂದು ಭಾನುವಾರ ತಮ್ಮನ ಕೋಣೆಯಲ್ಲಿ ಆ ವಸ್ತು ಕಂಡಿತು. ಪಕ್ಕಕ್ಕೆ ಗಾಜು, ಗಾಜಿನೊಳಗೆ ನೀಲಿ ಬೆಳಕು, ಮೂರು ಫ್ಯಾನು, ಮುಂದೆ ಗೋಡೆಯಗಲದ ಪರದೆ. ಬರೀ ಆಟಕ್ಕೆ ಅಂತಲೇ ಮಾಡಿದ ಕಂಪ್ಯೂಟರ್. ತಾನೇ ಒಂದೊಂದು ಭಾಗ ಆರಿಸಿ, ತಾನೇ ಕೈಯಾರೆ ಜೋಡಿಸಿದ್ದು ಅಂತ ತಮ್ಮ ಹೇಳಿದ. ಅಮ್ಮ ಪಕ್ಕದಲ್ಲಿ ನಿಂತು, ಮಗು ಮೊದಲ ಸಲ ನಡೆದದ್ದನ್ನು ಹೇಳುವವರ ಹಾಗೆ, ‘ಎರಡು ದಿನ ಬಗ್ಗಿ ಕೂತಿದ್ದ, ಬೆನ್ನು ನೋವು ಬಂತು ಪಾಪ’ ಅಂದರು. ತಮ್ಮ ಕಾಫಿ ತರಲು ಒಳಗೆ ಹೋದಾಗ ಹಲ್ಲಕ್ಕ ಗಾಜಿಗೆ ಫೋನು ಒತ್ತಿಹಿಡಿದು ನಾಲ್ಕು ಫೋಟೋ ತೆಗೆದುಕೊಂಡಳು.

ಸೋಮವಾರ ಆ ಫೋಟೋ ನನ್ನ ಮುಂದೆ ಬಂದವು. ಬ್ಯಾಂಕಿನಲ್ಲಿ ಅವಳ ಒಂದು ಠೇವಣಿ ಆ ತಿಂಗಳು ಕೈಗೆ ಬರುವುದಿತ್ತು. ಅದಷ್ಟೇ ಬಜೆಟ್ಟು, ಅದರ ಮೇಲೆ ಒಂದು ಕಾಸೂ ಹಾಕುವುದಿಲ್ಲ, ತಾನೂ ಒಂದು ಕಂಪ್ಯೂಟರ್ ಕಟ್ಟುತ್ತೇನೆ ಅಂದಳು.

‘ಎಂಥದ್ದು ಬೇಕು?’ ಅಂತ ಕೇಳಿದೆ.

‘ಅವನದಕ್ಕಿಂತ ಒಂದು ಕೈ ಮೇಲು,’ ಅಂದಳು.

ಮುಂದಿನ ಮೂರು ವಾರ ಊಟದ ಹೊತ್ತೆಲ್ಲ ಅದೇ ಓದು. ಡಬ್ಬಿ ಒಂದು ಕೈಲಿ, ಫೋನು ಒಂದು ಕೈಲಿ. ಯಾವ ಪ್ರೊಸೆಸರ್ ಯಾವ ಮದರ್‌ಬೋರ್ಡಿನಲ್ಲಿ ಕೂರುತ್ತದೆ, ಯಾವುದು ಕೂರುವುದಿಲ್ಲ ಅನ್ನುವುದನ್ನು ಅವಳು ಎರಡೇ ದಿನದಲ್ಲಿ ಕಲಿತಳು. ದವಡೆಗೂ ಹಲ್ಲಿಗೂ ಹೊಂದಾಣಿಕೆ ನೋಡುವವಳಿಗೆ ಅದೇನು ಕಷ್ಟ? ಆದರೆ ಪಟ್ಟಿ ಬರೆಯುವಾಗ ಮಾತ್ರ ಅವಳ ಲೆಕ್ಕ ಬೇರೆಯೇ ಆಗಿರುತ್ತಿತ್ತು. ಕಾಗದದ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ತಮ್ಮನದು, ಬಲಕ್ಕೆ ತನ್ನದು. ಎಡಗಡೆಯದಕ್ಕಿಂತ ಬಲಗಡೆಯದು ಚಿಕ್ಕದಾದರೆ ಆ ಕಾಗದ ಹರಿದು ಬುಟ್ಟಿಗೆ. ತಮ್ಮನ ಸಂಬಳ ಇವಳದರ ಎರಡರಷ್ಟು. ಎಲ್ಲ ಸಾಲಿನಲ್ಲೂ ಅವನನ್ನು ಮೀರಿಸುವುದು ಆಗದ ಮಾತು. ಹಾಗಾಗಿ ಬುಟ್ಟಿ ಬೇಗ ತುಂಬುತ್ತಿತ್ತು. ಕೊನೆಗೆ ಒಂದೇ ಸಾಲಿಗೆ ಬಂದು ನಿಂತಳು. ಗ್ರಾಫಿಕ್ಸ್ ಕಾರ್ಡ್. ಆಟದ ಚಿತ್ರವನ್ನೆಲ್ಲ ಪರದೆಗೆ ಎಳೆಯುವುದು ಅದೇ. ತಮ್ಮನದರ ಮೇಲೆ ಒಂದು ನಂಬರು ಬರೆದಿತ್ತು. ಅದರ ಮುಂದಿನ ನಂಬರು ತನಗೆ ಬೇಕು, ಉಳಿದದ್ದೆಲ್ಲ ಹೇಗಾದರೂ ಇರಲಿ.

ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದಳು. ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ, ನೆಲದಿಂದ ಮಾಡಿನವರೆಗೂ ರಟ್ಟಿನ ಪೆಟ್ಟಿಗೆ ತುಂಬಿದ ಕಿರಿದಾದ ಅಂಗಡಿ. ಅಂಗಡಿಯಾತ ಮೊದಲು ಟೀವಿ ರಿಪೇರಿ ಮಾಡುತ್ತಿದ್ದವನು, ಐವತ್ತರ ಆಸುಪಾಸಿನವನು, ಕೊರಳಿಗೆ ದಾರ ಕಟ್ಟಿದ ಕನ್ನಡಕ. ಪಟ್ಟಿ ನೋಡಿ, ‘ಮಗನಿಗಾ ಅಮ್ಮಾ?’ ಅಂತ ಕೇಳಿದ.

‘ನನಗೇ.’

ಅವನು ಕನ್ನಡಕ ಏರಿಸಿ ಒಮ್ಮೆ ಅವಳನ್ನು ನೋಡಿದ. ಆಮೇಲಿನ ಮಾತೆಲ್ಲ ಗೌರವದಿಂದಲೇ ಆಡಿದ. ಪಟ್ಟಿಯಲ್ಲಿ ಕಾರ್ಡು ಆನೆಯ ಹಾಗಿದೆ, ಉಳಿದದ್ದು ಆಡಿನ ಕಾಲಿನ ಹಾಗಿದೆ ಅಂದ. ಆಟದ ಕಂಪ್ಯೂಟರಿನಲ್ಲಿ ಹೆಚ್ಚು ಹಣ ಕಾರ್ಡಿಗೇ ಹೋಗುವುದು ಸರಿ, ಆದರೆ ಅದಕ್ಕೂ ಒಂದು ಮಿತಿ ಬೇಕು ಅಂತ ವಿವರಿಸಿದ. ಪ್ರೊಸೆಸರ್ ಮಧ್ಯಮದ್ದು ಸಾಕು. ರ್‍ಯಾಮ್ ಎಂಟೆಂಟು ಜಿಬಿಯ ಎರಡು ಹಾಕಿದರೆ ಒಂದೇ ದೊಡ್ಡದಕ್ಕಿಂತ ಚುರುಕು. ದುಬಾರಿ ಮದರ್‌ಬೋರ್ಡ್ ಬೇಡ, ಅದರ ತೂತುಗಳಲ್ಲಿ ಅರ್ಧ ನೀವು ಮುಟ್ಟುವುದೂ ಇಲ್ಲ. ಆದರೆ ಕರೆಂಟು ಹಂಚುವ ಪೆಟ್ಟಿಗೆ ಇದೆಯಲ್ಲ, ಎಸ್‌ಎಂಪಿಎಸ್ಸು, ಅದರಲ್ಲಿ ಕೈ ಬಿಗಿ ಹಿಡಿಯಬೇಡಿ ಅಂದ.

‘ಮಾನಿಟರ್ ಯಾವುದಿದೆ?’ ಅಂತ ಕೇಳಿದ. ನಮ್ಮ ಮಾಲೀಕರ ಆಫೀಸಿನಿಂದ ತೆಗೆದುಹಾಕಿದ ಚಿಕ್ಕ ಪರದೆಯೊಂದನ್ನು ಅವಳು ಕೇಳಿ ಇಟ್ಟುಕೊಂಡಿದ್ದಳು. ಅದಕ್ಕೆ ಇಷ್ಟು ದೊಡ್ಡ ಕಾರ್ಡ್ ಹಾಕಿದರೆ ಬಕೆಟ್ಟಿನಿಂದ ಲೋಟಕ್ಕೆ ನೀರು ಸುರಿದ ಹಾಗೆ ಅಂದ ಅಂಗಡಿಯಾತ. ಆಮೇಲೆ, ಯಾವ ಆಟ ಆಡುತ್ತೀರಿ ಅಂತ ಕೇಳಿದ. ಅದಕ್ಕೆ ತಕ್ಕಂತೆ ಭಾಗ ಹೇಳಬಹುದು ಅಂತ ಅವನ ಉದ್ದೇಶ.

ಮೂರು ವಾರದಲ್ಲಿ ಹಲ್ಲಕ್ಕ ಅದನ್ನು ಯೋಚಿಸಿಯೇ ಇರಲಿಲ್ಲ.

‘ಎಲ್ಲಾ ಆಡ್ತೀನಿ,’ ಅಂದು ತಮ್ಮನ ಕಂಪ್ಯೂಟರಿನ ಫೋಟೋ ಮುಂದೆ ಹಿಡಿದಳು. ‘ಕಾರ್ಡು ಈ ಫೋಟೋದಲ್ಲಿರೋದಕ್ಕಿಂತ ಮೇಲು ತಾನೇ? ಅಷ್ಟು ಹೇಳಿ.’

‘ಮೇಲೇ ಅಮ್ಮಾ. ಆದ್ರೆ...’

‘ಹಾಗಾದ್ರೆ ಅದನ್ನೇ ಪ್ಯಾಕ್ ಮಾಡಿ ಕೊಡಿ.’

ಹೀಗೆ ದೊಡ್ಡ ಕಾರ್ಡ್ ಬಂತು. ಅದರ ಹಿಂದೆಯೇ ಹೆಸರಿಲ್ಲದ ಕಂಪನಿಯ ಎಸ್‌ಎಂಪಿಎಸ್ಸೂ, ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ ಕಡಿಮೆ ಬೆಲೆಯ ಕ್ಯಾಬಿನೆಟ್ಟೂ ಬಂದವು. ಗಾಜಿನ ಬದಿ ಇಲ್ಲ, ಬರೀ ತಗಡು. ದಾರಿಯುದ್ದಕ್ಕೂ ಕಾರ್ಡಿನ ಪೆಟ್ಟಿಗೆಯನ್ನು ನನ್ನ ಕೈಗೆ ಕೊಡದೆ ತಾನೇ ಎದೆಗವಚಿಕೊಂಡು ಬಂದಳು.

ಭಾನುವಾರ ಬೆಳಿಗ್ಗೆ ಅವಳ ಕೋಣೆಯಲ್ಲಿ ಜೋಡಣೆ ಶುರುವಾಯಿತು. ನನ್ನನ್ನು ಟಾರ್ಚ್ ಹಿಡಿಯಲು ಕರೆದಿದ್ದಳು. ಕೆಳಗಿನ ಲಾಂಡ್ರಿಯಿಂದ ಇಸ್ತ್ರಿಯ ಬಿಸಿ ವಾಸನೆ ಮೇಲೆ ಬರುತ್ತಿತ್ತು. ನೆಲದ ಮೇಲೆ ಬಿಳಿ ಚಾದರ ಹಾಸಿ, ಸ್ಕ್ರೂಗಳನ್ನು ಅಳತೆಯ ಪ್ರಕಾರ ಆರು ಬಟ್ಟಲಿಗೆ ಹಾಕಿದ್ದಳು. ಪ್ರೊಸೆಸರನ್ನು ಬೆರಳ ತುದಿಯಲ್ಲಿ ಎತ್ತಿ, ಮೂಲೆಯ ಗುರುತಿಗೆ ಗುರುತು ಸೇರಿಸಿ ಇಳಿಸಿದಳು. ಅದು ಸದ್ದಿಲ್ಲದೆ ಕೂತಿತು. ಅದರ ಮೇಲೆ ಶಾಖ ಹೀರುವ ಪೇಸ್ಟನ್ನು ಹಲ್ಲಿಗೆ ಅಂಟು ಹಚ್ಚುವ ಹಾಗೆ ಒಂದು ಅಕ್ಕಿಕಾಳಿನಷ್ಟೇ ಇಟ್ಟಳು. ಆ ಎರಡು ಗಂಟೆ ಅವಳು ತಮ್ಮನ ಹೆಸರು ಎತ್ತಲಿಲ್ಲ. ನಾನು ನೋಡಿದ ಮಟ್ಟಿಗೆ ಆ ಮೂರು ವಾರದಲ್ಲಿ ಅವಳು ನೆಮ್ಮದಿಯಾಗಿದ್ದದ್ದು ಆ ಎರಡು ಗಂಟೆ ಮಾತ್ರ.

ಕೊನೆಗೆ ಕಾರ್ಡನ್ನು ಇಟ್ಟು ನೋಡಿದರೆ ಹಿಡಿಸಲಿಲ್ಲ. ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಹಳೆ ಕಾಲದ ಡ್ರೈವ್‌ಗಳನ್ನು ಕೂರಿಸುವ ತಗಡಿನ ಗೂಡೊಂದಿತ್ತು. ಕಾರ್ಡಿನ ಮೂತಿ ಅದಕ್ಕೆ ಬಡಿಯುತ್ತಿತ್ತು. ಎರಡು ಬೆರಳಿನಷ್ಟು ಜಾಗ ಸಾಲದು. ಕ್ಯಾಬಿನೆಟ್ ಬದಲಾಯಿಸೋಣ ಅಂದೆ. ಬಜೆಟ್ಟಿನಲ್ಲಿ ಏನೂ ಉಳಿದಿರಲಿಲ್ಲ. ಅವಳು ಆ ಗೂಡನ್ನು ಬೆರಳಿನಿಂದ ಅಳೆದು ನೋಡಿ, ನಾಳೆ ಇದನ್ನು ಲ್ಯಾಬಿಗೆ ಒಯ್ಯೋಣ ಅಂದಳು.

ಮರುದಿನ ಊಟದ ಬಿಡುವಿನಲ್ಲಿ ನಾನು ಖಾಲಿ ಮಾಡಿ ತಂದ ಆ ತಗಡಿನ ಪೆಟ್ಟಿಗೆಯನ್ನು ಮೇಜಿಗೆ ಒತ್ತಿ ಹಿಡಿದೆ. ಲೋಹದ ಹಲ್ಲು ಕತ್ತರಿಸುವ ತೆಳ್ಳಗಿನ ಚಕ್ರವನ್ನು ಯಂತ್ರಕ್ಕೆ ಸಿಕ್ಕಿಸಿ ಅವಳು ಗೂಡನ್ನು ಕೊರೆದಳು. ಕಿಡಿ ಹಾರಿ ನನ್ನ ತೋಳಿನ ಕೂದಲು ಎರಡು ಕಡೆ ಸುಟ್ಟಿತು. ಮಾಲೀಕರು ಬಾಗಿಲವರೆಗೆ ಬಂದು, ಇದು ಯಾವ ಪೇಷೆಂಟಿನ ದವಡೆ ಅಂತ ಕೇಳಿ ಹೋದರು. ಕೊರೆದದ್ದು ಸಾಲದು ಅಂತ ಅವಳು ಅಂಚನ್ನೆಲ್ಲ ಕಲ್ಲಿನಿಂದ ಉಜ್ಜಿ, ರಬ್ಬರಿನಿಂದ ನಯಮಾಡಿ, ನಾಲಗೆ ಸೋಕಿದರೂ ಗೀರಬಾರದು ಅನ್ನುವ ಹಾಗೆ ಮುಗಿಸಿದಳು. ಒಳಗಿರುವ ತಗಡು, ಯಾರು ನೋಡುತ್ತಾರೆ ಅಂದೆ. ನನಗೆ ಗೊತ್ತಿರತ್ತಲ್ಲ ಅಂದಳು.

ಆ ಸಂಜೆ ಕಂಪ್ಯೂಟರ್ ಚಾಲೂ ಆಯಿತು. ಅವಳು ಫೋನು ಮಾಡಿ ಹೇಳಿದಾಗ ದನಿಯಲ್ಲಿ ಹದಿನೈದರ ಹುಡುಗಿ ಇದ್ದಳು. ಆದರೆ ಮರುದಿನ ಲ್ಯಾಬಿಗೆ ಬಂದವಳ ಮುಖ ಗಂಟಿಕ್ಕಿತ್ತು. ಸುಮ್ಮನಿದ್ದರೆ ಕಂಪ್ಯೂಟರ್ ಚೆನ್ನಾಗಿಯೇ ಇರುತ್ತದೆ, ಆಟ ಹಾಕಿ ಹತ್ತು ನಿಮಿಷಕ್ಕೆ ದೀಪ ಆರಿದ ಹಾಗೆ ಟಪ್ ಅಂತ ಆರಿಹೋಗುತ್ತದೆ. ವಾರವಿಡೀ ಇದೇ ಗೋಳು. ಎಲ್ಲ ಬಿಚ್ಚಿ ಮತ್ತೆ ಜೋಡಿಸಿದಳು. ಕಿಟಕಿ ತೆರೆದಿಟ್ಟಳು, ಟೇಬಲ್ ಫ್ಯಾನ್ ತಂದು ಪಕ್ಕಕ್ಕಿಟ್ಟಳು. ಏನೂ ಆಗಲಿಲ್ಲ. ಕಾರ್ಡಿನ ಹಸಿವಿಗೆ ಆ ಬಡಪಾಯಿ ಎಸ್‌ಎಂಪಿಎಸ್ಸು ಸಾಲುತ್ತಿಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು, ಒಪ್ಪಿಕೊಳ್ಳುವುದಕ್ಕೆ ಮನಸ್ಸಿರಲಿಲ್ಲ. ಒಮ್ಮೆ ತಮ್ಮನನ್ನು ಕೇಳಬಾರದಾ, ಅವನು ಒಂದು ಕಟ್ಟಿದ್ದಾನಲ್ಲ ಅಂತ ನಾನು ಬಾಯಿತಪ್ಪಿ ಅಂದುಬಿಟ್ಟೆ. ಆ ದಿನ ಸಂಜೆಯವರೆಗೂ ಅವಳು ನನ್ನ ಹತ್ತಿರ ಮಾತಾಡಲಿಲ್ಲ.

ಅದೇ ಹೊತ್ತಿಗೆ ತಮ್ಮನ ಮನೆಗೆ ಬಣ್ಣ ಹೊಡೆಸಲು ಶುರುಮಾಡಿದ್ದರು. ಬಣ್ಣದ ವಾಸನೆಗೆ ಕೆಮ್ಮು ಬರುತ್ತದೆಂದು ಅಮ್ಮ ಒಂದು ವಾರ ಮಗಳ ಮನೆಗೆ ಬಂದರು. ಮಂಚದ ಪಕ್ಕದಲ್ಲಿ ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದ ಯಂತ್ರವನ್ನು ನೋಡಿದರು. ಆಟ ಹಾಕಿದರೆ ಅದು ಟಪ್ ಅಂತ ಆರುವುದನ್ನೂ ಕಂಡರು. ಅಮ್ಮ ಮಗನಿಗೆ ಫೋನು ಮಾಡಿ ಎಲ್ಲ ಹೇಳಿದರು.

ಶನಿವಾರ ಬೆಳಿಗ್ಗೆ, ಲ್ಯಾಬಿಗೆ ರಜೆ ಇತ್ತು, ತಮ್ಮ ಒಂದು ಬಟ್ಟೆಯ ಚೀಲ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ಚೀಲದಲ್ಲಿ ಅವನ ಕಂಪ್ಯೂಟರಿನಿಂದಲೇ ಬಿಚ್ಚಿ ತಂದ ಎಸ್‌ಎಂಪಿಎಸ್ಸು. ಇದನ್ನು ಹಾಕಿ ನೋಡು ಅಕ್ಕ, ಇದಕ್ಕೆ ಶಕ್ತಿ ಜಾಸ್ತಿ ಅಂದ. ಹಲ್ಲಕ್ಕ ಇದನ್ನು ನನಗೆ ಹೇಳುವಾಗ ಒಂದು ಮಾತು ಸೇರಿಸಿದಳು: ಅವನು ಹಂಗಿಸಿದ್ದರೆ ಸಹಿಸುತ್ತಿದ್ದೆ, ಒಳ್ಳೆಯವನಾಗಿ ಬಂದು ನಿಂತಿದ್ದನ್ನು ಸಹಿಸುವುದಕ್ಕೆ ಆಗಲಿಲ್ಲ. ಒಳ್ಳೆಯತನದಲ್ಲೂ ಅವನೇ ಮೊದಲು ಬರಬೇಕಾ ಅಂತ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಯಿತಂತೆ. ಬೇಡ ಅಂದಳು. ಅಮ್ಮ ಒಳಗಿಂದ ‘ಹಾಕಿಸ್ಕೊಳ್ಳೇ’ ಅಂದರು. ಅದು ಇನ್ನಷ್ಟು ಉರಿಸಿತು.

ತಮ್ಮ ಅಷ್ಟರಲ್ಲಿ ನೆಲದ ಮೇಲೆ ಕೂತು ತಗಡಿನ ಪೆಟ್ಟಿಗೆಯೊಳಗೆ ಬಗ್ಗಿ ನೋಡುತ್ತಿದ್ದ. ವೈರುಗಳನ್ನು ಅವಳು ದಾರದಿಂದ ಮಟ್ಟಸವಾಗಿ ಕಟ್ಟಿದ್ದಳು. ಕೊರೆದ ಗೂಡಿನ ಅಂಚಿನ ಮೇಲೆ ಅವನು ಬೆರಳು ಆಡಿಸಿದ.

‘ಇದನ್ನ ಯಾರು ಕೊರೆದಿದ್ದು?’

‘ನಾನೇ.’

‘ಜೋಡಿಸಿದ್ದು?’

‘ಅದೂ ನಾನೇ. ನಿನ್ನದನ್ನ ನೀನು ಜೋಡಿಸಲಿಲ್ವಾ ಹಾಗೆ.’

ತಮ್ಮನ ಬೆರಳು ಅಂಚಿನ ಮೇಲೇ ಇತ್ತು. ಅಮ್ಮ ಇದ್ದ ಒಳಕೋಣೆಯ ಕಡೆ ನೋಡಿ, ದನಿ ತಗ್ಗಿಸಿ, ‘ನಾನು ಜೋಡಿಸಿಲ್ಲ ಅಕ್ಕ. ಎರಡು ದಿನ ಕೂತೆ, ಆಗಲಿಲ್ಲ, ಪ್ರೊಸೆಸರಿನ ಸೂಜಿಯಂಥ ಕಾಲು ಬಾಗಿಸಿಬಿಟ್ಟೆ. ಹೊಸದು ತಗೊಂಡು, ಅಂಗಡಿಯವನಿಗೇ ಕೊಟ್ಟು ಕಟ್ಟಿಸ್ದೆ. ಅಮ್ಮನಿಗೆ ಹೇಳಿಲ್ಲ,’ ಅಂದ.

ಆ ಕ್ಷಣ ಮನಸ್ಸಿಗೆ ಎಷ್ಟು ಖುಷಿಯಾಯಿತು ಅಂದರೆ ನಾಚಿಕೆಯಾಗಬೇಕು ಅಷ್ಟು ಅಂತ ಹಲ್ಲಕ್ಕ ನನಗೆ ಹೇಳಿದಳು. ಆದರೆ ಖುಷಿಯ ಹಿಂದೆಯೇ ಹಳೆಯ ಸಿಟ್ಟೂ ಎದ್ದು ಬಂತು. ಇದೂ ಆ ಸೇತುವೆಯ ಹಾಗೇ ಆಯಿತಲ್ಲ ಅಂದಳು. ಮಾಡಿದವರು ಯಾರೋ, ಬೆನ್ನು ತಟ್ಟಿಸಿಕೊಂಡವನು ನೀನು.

‘ಯಾವ ಸೇತುವೆ?’ ಅಂದ ತಮ್ಮ.

ಅವಳು ಹೇಳಿದಳು. ಲಾರಿ, ಏಳನೇ ಹಂತ, ಜ್ವರ, ಗೆಳೆಯರು, ಅಪ್ಪನ ಕೈ. ಒಂದನ್ನೂ ಬಿಡದೆ ಹೇಳಿದಳು. ಅವನಿಗೆ ಯಾವುದೂ ನೆನಪಿರಲಿಲ್ಲ. ನಟಿಸುತ್ತಿರಲಿಲ್ಲ, ಅವನು ನಟಿಸುವಾಗ ಕಿವಿ ಉಜ್ಜಿಕೊಳ್ಳುತ್ತಾನೆ, ಉಜ್ಜಿಕೊಳ್ಳಲಿಲ್ಲ. ಇಪ್ಪತ್ತೆರಡು ವರ್ಷ ಇವಳು ಹಲ್ಲು ಕಚ್ಚಿ ಹಿಡಿದುಕೊಂಡದ್ದರ ಇನ್ನೊಂದು ತುದಿಯನ್ನು ಯಾರೂ ಹಿಡಿದೇ ಇರಲಿಲ್ಲ.

‘ಹಾಗೆ ಮಾಡಿದ್ರೆ ತಪ್ಪು ನನ್ನದೇ,’ ಅಂದ ಅವನು. ಆಮೇಲೆ, ಬಗ್ಗಿ ಸ್ಕ್ರೂ ಬಿಚ್ಚುತ್ತಲೇ, ‘ನನಗೆ ನೆನಪಿರೋದು ಬೇರೆ. ಶನಿವಾರ ಶನಿವಾರ ಅಪ್ಪ ನಿನ್ನ ಕೈ ಹಿಡಿದು ವರ್ಕ್‌ಶಾಪಿಗೆ ಕರ್ಕೊಂಡು ಹೋಗ್ತಿದ್ರು. ನಾನೂ ಬರ್ತೀನಿ ಅಂದ್ರೆ, ನಿನ್ನ ಕೈ ನಡುಗತ್ತೆ, ನೀನು ಮನೇಲಿ ಕಂಪ್ಯೂಟರ್ ಮುಂದೆ ಕೂತ್ಕೋ ಅನ್ನೋರು. ನೀವಿಬ್ರೂ ಬೀದಿ ತಿರುಗೋವರೆಗೂ ಕಿಟಕಿಯಲ್ಲಿ ನಿಂತು ನೋಡ್ತಿದ್ದೆ,’ ಅಂದ.

ಅವರ ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವರು. ಹಲ್ಲಕ್ಕನಿಗೆ ಆ ಶನಿವಾರಗಳೆಂದರೆ ಎಣ್ಣೆಯ ಜಿಡ್ಡು, ಕಪ್ಪಾದ ಉಗುರು, ಗಂಟೆಗಟ್ಟಲೆ ಸೂಜಿಮೊನೆಯಂಥ ಸ್ಕ್ರೂ ಹೆಕ್ಕುವ ಬೇಸರ. ತಮ್ಮ ಮನೆಯಲ್ಲಿ ಹಾಯಾಗಿ ಆಡುತ್ತಿರುವಾಗ ತನ್ನನ್ನು ದುಡಿಮೆಗೆ ಎಳೆದುಕೊಂಡು ಹೋಗುತ್ತಾರೆ ಅಂತಲೇ ಅವಳು ಎಣಿಸಿದ್ದು. ಅದು ಯಾರಿಗಾದರೂ ಹೊಟ್ಟೆಕಿಚ್ಚು ಪಡುವಂಥ ಭಾಗ್ಯವಾಗಿತ್ತು ಅನ್ನುವುದು ಅವಳ ತಲೆಗೆ ಹೊಳೆದೇ ಇರಲಿಲ್ಲ. ‘ಆ ಸ್ಕ್ರೂ ಹಾಗಲ್ಲ ಕಣೋ, ಕೊಡು ಇಲ್ಲಿ,’ ಅಂತ ಅವನ ಕೈಯಿಂದ ಡ್ರೈವರ್ ಕಿತ್ತುಕೊಂಡಳಂತೆ.

ಎಸ್‌ಎಂಪಿಎಸ್ಸನ್ನು ಅವಳೇ ಹಾಕಿದಳು. ಆಟ ಹತ್ತು ನಿಮಿಷ ದಾಟಿತು, ಅರ್ಧ ಗಂಟೆ ದಾಟಿತು. ತಮ್ಮ ಪಕ್ಕದಲ್ಲಿ ನಿಂತು, ನಾನೊಂದು ಸಲ ನೋಡಲಾ ಅಂತ ಕುರ್ಚಿಯ ಬೆನ್ನಿಗೆ ಕೈ ಹಾಕಿದ.

‘ನಿಂತ್ಕೋ,’ ಅಂದಳು ಹಲ್ಲಕ್ಕ. ‘ಇನ್ನೂ ನನ್ನ ಸರದಿ ಮುಗಿದಿಲ್ಲ.’

ಒಂದೂವರೆ ಗಂಟೆ ಅವನನ್ನು ನಿಲ್ಲಿಸಿಯೇ ಆಡಿದಳು. ಅಮ್ಮ ಎರಡು ಸಲ ಬಂದು, ಅವನಿಗೂ ಕೊಡೇ ಪಾಪ ಅಂದರು. ಕೊಡಲಿಲ್ಲ. ಅವನು ನಗುತ್ತಲೇ ನಿಂತಿದ್ದ. ಆ ನಗು ನೋಡಿ ಮತ್ತೆ ಸ್ವಲ್ಪ ಉರಿಯಿತು ಅಂತ ಪ್ರಾಮಾಣಿಕವಾಗಿ ಹೇಳಿದಳು.

ಮುಂದಿನ ವಾರ ನಾವಿಬ್ಬರೂ ಮತ್ತೆ ಅಂಗಡಿಗೆ ಹೋದೆವು. ತಮ್ಮನ ವಸ್ತುವನ್ನು ಇಟ್ಟುಕೊಳ್ಳಲು ಅವಳು ತಯಾರಿರಲಿಲ್ಲ. ಹೊಸದಕ್ಕೆ ಹಣವಿರಲಿಲ್ಲ. ಆ ದೊಡ್ಡ ಕಾರ್ಡನ್ನು ವಾಪಸು ತೆಗೆದುಕೊಳ್ಳುತ್ತೀರಾ ಅಂತ ಅಂಗಡಿಯಾತನನ್ನು ಕೇಳಿದಳು. ಅವನು ತಿರುಗಿಸಿ ಮುರುಗಿಸಿ ನೋಡಿ, ಸ್ವಲ್ಪ ಹಿಡಿದುಕೊಂಡು ತೆಗೆದುಕೊಳ್ಳುತ್ತೇನೆ ಅಂದ. ಆಮೇಲೆ ಹಿಂದಿನ ಸಲ ಕೇಳಿದ್ದನ್ನೇ ಮತ್ತೆ ಕೇಳಿದ, ‘ಈಗ ಹೇಳಿ ಅಮ್ಮಾ, ಯಾವ ಆಟ ಆಡ್ತೀರಿ?’

ಈ ಸಲ ಅವಳ ಹತ್ತಿರ ಉತ್ತರವಿತ್ತು. ಆ ವಾರ ಅವಳು ಐದಾರು ಆಟ ಹಾಕಿ ನೋಡಿದ್ದಳು. ಗುಂಡು ಹಾರಿಸುವುದು ಹಿಡಿಸಲಿಲ್ಲ. ಕಾರು ಓಡಿಸುವುದೂ, ಆಶ್ಚರ್ಯವೆಂದರೆ, ಬೇಸರ ತಂದಿತು. ಹಿಡಿಸಿದ್ದು ಒಂದು ಚಿಕ್ಕ ವಿಮಾನದ ಆಟ. ದ್ವೀಪದಿಂದ ದ್ವೀಪಕ್ಕೆ ಟಪಾಲು ಒಯ್ಯಬೇಕು, ಗಾಳಿ ನೋಡಿ ಇಳಿಸಬೇಕು, ಅಷ್ಟೇ. ಬೇಕೆಂದರೆ ಇಬ್ಬರು ಎರಡು ಮನೆಯಿಂದ ಒಟ್ಟಿಗೆ ಹಾರಬಹುದು. ಅದನ್ನು ಅವಳು ವಿವರಿಸುವಾಗ ಕೈ ಎರಡೂ ಗಾಳಿಯಲ್ಲಿದ್ದವು.

ಅಂಗಡಿಯಾತ ಹೊಸ ಪಟ್ಟಿ ಬರೆದ. ಎರಡು ಹೆಜ್ಜೆ ಕೆಳಗಿನ ಕಾರ್ಡ್, ಭರವಸೆಯ ಎಸ್‌ಎಂಪಿಎಸ್, ಉಳಿದದ್ದರಲ್ಲಿ ಒಂದು ಒಳ್ಳೆಯ ಮಾನಿಟರ್. ಆಟದಲ್ಲಿ ಆಕಾಶವೇ ಜಾಸ್ತಿ ಅಂತೀರಿ, ಬಣ್ಣ ಸರಿಯಾಗಿ ತೋರಿಸುವ ಪರದೆ ಇರಲಿ ಅಂದ. ಹಲ್ಲಿನ ಬಿಳುಪಿನಲ್ಲಿ ಹದಿನಾರು ಬಗೆ ಗುರುತಿಸುವವಳು ಅವಳು. ಅಂಗಡಿಯ ಮೂರು ಪರದೆಗಳ ಮುಂದೆ ಬಹಳ ಹೊತ್ತು ನಿಂತು ಒಂದನ್ನು ಆರಿಸಿದಳು. ಆದರೆ ದೊಡ್ಡ ಕಾರ್ಡಿನ ಪೆಟ್ಟಿಗೆಯನ್ನು ಕೌಂಟರಿನ ಮೇಲೆ ಬಿಟ್ಟು ಬರುವಾಗ ಅವಳ ಕೈ ಅದರ ಮೇಲೆ ಸ್ವಲ್ಪ ಹೊತ್ತು ನಿಂತೇ ಇತ್ತು. ಬಾಗಿಲು ದಾಟಿದ ಮೇಲೆ, ‘ಈಗ ಅವನದೇ ಮೇಲಾಯ್ತು ಅಲ್ವಾ?’ ಅಂತ ನನ್ನನ್ನು ಕೇಳಿದಳು. ಹೌದು ಅಂದೆ. ಸುಳ್ಳು ಹೇಳಿದ್ದರೆ ಗೊತ್ತಾಗುತ್ತಿತ್ತು.

ಆ ಕಂಪ್ಯೂಟರ್ ಈಗ ಎರಡು ವರ್ಷದಿಂದ ಆಟದ ನಡುವೆ ಒಮ್ಮೆಯೂ ಆರಿಲ್ಲ. ತಮ್ಮನ ಎಸ್‌ಎಂಪಿಎಸ್ಸನ್ನು ಅವಳೇ ಒಯ್ದು, ಅವನ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ, ಒಳಗಿನ ವೈರುಗಳ ಸಿಕ್ಕು ಬಿಡಿಸಿ ಕಟ್ಟಿ ಬಂದಳು. ಅದನ್ನು ಅಂಗಡಿಯವನೇ ಜೋಡಿಸಿದ್ದು ಅಂತ ಅಮ್ಮನಿಗೆ ಈವರೆಗೆ ಹೇಳಿಲ್ಲ. ಹೇಳುವ ಆಸೆ ತಿಂಗಳಿಗೊಮ್ಮೆ ಬರುತ್ತದಂತೆ. ಲ್ಯಾಬಿನ ಇಬ್ಬರಿಗೆ ಅವಳೇ ಭಾಗ ಆರಿಸಿಕೊಟ್ಟಿದ್ದಾಳೆ; ಬಂದವರನ್ನು ಮೊದಲು ಯಾವ ಆಟ ಅಂತ ಕೇಳುತ್ತಾಳೆ, ನೆಟ್ಟಗೆ ಉತ್ತರ ಬಾರದಿದ್ದರೆ ವಾಪಸು ಕಳಿಸುತ್ತಾಳೆ. ಭಾನುವಾರ ಸಂಜೆ ಆರಕ್ಕೆ ಅಕ್ಕ ತಮ್ಮ ಇಬ್ಬರೂ ಟಪಾಲು ಒಯ್ಯುತ್ತಾರೆ. ಇಳಿಸುವುದರಲ್ಲಿ ಅವಳದೇ ನಯ. ಗಾಳಿಯ ದಿಕ್ಕು ಊಹಿಸುವುದರಲ್ಲಿ ಅವನು ಚುರುಕು. ಅವನು ತನಗಿಂತ ಮೊದಲು ತಲುಪಿದ ಭಾನುವಾರದ ಮರುದಿನ ಲ್ಯಾಬಿನಲ್ಲಿ ನಾವೆಲ್ಲ ಸ್ವಲ್ಪ ಹುಷಾರಾಗಿರುತ್ತೇವೆ.

ಹೋದ ತಿಂಗಳು ತಮ್ಮ ಇನ್ನೂ ದೊಡ್ಡದೊಂದು ಪರದೆ ಕೊಂಡ. ಕಣ್ಣಿನ ಎರಡೂ ಬದಿಗೆ ಬಾಗಿ ಬರುವಂಥದ್ದು. ಅಮ್ಮ ಫೋನಿನಲ್ಲಿ ಹೇಳಿದಾಗ ಹಲ್ಲಕ್ಕ ಊಟ ಮಾಡುತ್ತಿದ್ದಳು. ಡಬ್ಬಿ ಮುಚ್ಚಿ, ಸಂಜೆ ಅಂಗಡಿಗೆ ಹೋಗಿ ಬರೋಣ ಬಾ ಅಣ್ಣ, ಸುಮ್ಮನೆ ನೋಡುವುದಕ್ಕೆ ಅಂದಳು. ಹೋದೆವು. ಅಂಥದ್ದೇ ಒಂದು ಅಲ್ಲಿ ಉರಿಯುತ್ತಿತ್ತು. ಕಾಲು ಗಂಟೆ ಅದರ ಮುಂದೆ ನಿಂತು, ಬೆಲೆ ಕೇಳಿ, ಹತ್ತಿರದಿಂದ ಒಮ್ಮೆ, ದೂರದಿಂದ ಒಮ್ಮೆ, ಓರೆಯಿಂದ ಒಮ್ಮೆ ನೋಡಿದಳು. ಕೊಡಲಾ ಅಮ್ಮಾ ಅಂತ ಕೇಳಿದ ಅಂಗಡಿಯಾತ.

‘ಬೇಡ,’ ಅಂದಳು. ‘ತುಂಬಾ ಚೆನ್ನಾಗಿದೆ. ಹೊಟ್ಟೆ ಉರೀತಿದೆ. ಆದ್ರೆ ಬೇಡ.’

ಗಡಿಯಾರ ನೋಡಿಕೊಂಡು, ಇವತ್ತು ವಾರದ ನಡುವೆ ಒಂದು ಹೆಚ್ಚಿನ ಹಾರಾಟ ಇದೆ, ತಮ್ಮ ಆಗಲೇ ಕೂತಿರುತ್ತಾನೆ ಅಂತ ನನ್ನನ್ನು ಅಲ್ಲೇ ಬಿಟ್ಟು ಬಸ್ಸಿಗೆ ಓಡಿದಳು.